ಜೋಕಾಲಿ, ಗೋಲಿ, ಎರೆಮಣ್ಣು: ಯಾಂತ್ರಿಕ ಶಕ್ತಿಯ ಲೆಕ್ಕವನ್ನು ಮನೆಯಂಗಳದಲ್ಲಿ ಮಾಡಿ ನೋಡುವ ಬಗೆ

ನಾಗರ ಪಂಚಮಿಗೆ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ತಳದ ಬಿಂದುವನ್ನು ಎಷ್ಟು ಜವದಲ್ಲಿ ದಾಟುತ್ತದೆ ಎಂದು ತಿಳಿಯಲು ಗಡಿಯಾರ ಬೇಕಿಲ್ಲ. ಬಡಿಗರ ಬಳಿ ಇರುವಂಥ ಒಂದು ಅಳತೆ ಟೇಪು ಸಾಕು. ಜೋಕಾಲಿಯು ಮೇಲಿನ ತುದಿಯಲ್ಲಿ ಕ್ಷಣಮಾತ್ರ ನಿಂತಾಗ ತಳಕ್ಕಿಂತ ಎಷ್ಟು ಎತ್ತರದಲ್ಲಿತ್ತು ಎಂಬುದು ಗೊತ್ತಾದರೆ, ಆ ಎತ್ತರವನ್ನು ಮೀಟರಿನಲ್ಲಿ ಬರೆದು 19.6ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಜವ ದೊರೆಯುತ್ತದೆ. ಕುಳಿತವರು ದಪ್ಪವೋ ತೆಳುವೋ ಎಂಬುದು ಈ ಲೆಕ್ಕಕ್ಕೆ ಬೇಡ, ಹಗ್ಗದ ಬಾಗಿನ ಆಕಾರವೂ ಬೇಡ.

ಇಷ್ಟು ಸುಲಭವಾದ ಲೆಕ್ಕದ ಹಿಂದೆ ಇರುವುದು ಯಾಂತ್ರಿಕ ಶಕ್ತಿಯ ಸಂರಕ್ಷಣಾ ನಿಯಮ. ಒಂಬತ್ತನೆಯ ತರಗತಿಯ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಅದನ್ನು ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರದು, ಅಳತೆಯು ಲೆಕ್ಕಕ್ಕೆ ಹೊಂದದಿದ್ದಾಗ ಏನು ಮಾಡಬೇಕು ಎಂಬುದನ್ನು ಕೈಯಾರೆ ಮಾಡಿಯೇ ಕಲಿಯಬೇಕಾಗುತ್ತದೆ. ಧಾರವಾಡ, ಗದಗ, ಹಾವೇರಿ ಸೀಮೆಯ ಯಾವ ಮನೆಯಲ್ಲಾದರೂ ಸಿಗುವ ಸಾಮಾನುಗಳಿಂದ ಅದನ್ನು ಮಾಡಿ ನೋಡುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಲೆಕ್ಕಕ್ಕೆ ಕೂಡುವ ಮೊದಲು

ವಸ್ತುವಿಗೆ ಚಲನೆಯಿಂದ ಬರುವ ಶಕ್ತಿಯನ್ನು ಚಲನ ಶಕ್ತಿ ಎನ್ನುತ್ತೇವೆ. ದ್ರವ್ಯರಾಶಿಯನ್ನು ಜವದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಅದು ಸಿಗುತ್ತದೆ. ಎತ್ತರದಲ್ಲಿ ಇರುವುದರಿಂದ ಬರುವ ಶಕ್ತಿ ಪ್ರಚ್ಛನ್ನ ಶಕ್ತಿ. ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರ ಈ ಮೂರನ್ನು ಗುಣಿಸಿದರೆ ಅದು ಸಿಗುತ್ತದೆ. ಗುರುತ್ವ ವೇಗೋತ್ಕರ್ಷವೆಂದರೆ ಬೀಳುವ ವಸ್ತುವಿನ ಜವ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬುದು, ಅದನ್ನು 9.8 ಎಂದು ಹಿಡಿಯುತ್ತೇವೆ. ಮೊದಲು ಬಳಸಿದ 19.6 ಇದರ ಎರಡು ಪಟ್ಟು. ಎರಡೂ ಜೂಲ್ ಎಂಬ ಒಂದೇ ಮಾನದಲ್ಲಿ ಬರುತ್ತವೆ, ಆದ್ದರಿಂದ ಕೂಡಿಸಬಹುದು. ಆ ಮೊತ್ತವೇ ಯಾಂತ್ರಿಕ ಶಕ್ತಿ. ಬಲವೊಂದು ವಸ್ತುವಿಗೆ ಶಕ್ತಿಯನ್ನು ಕೊಟ್ಟರೆ ಅಥವಾ ಅದರಿಂದ ಕಸಿದರೆ ಆ ಬಲ ಕೆಲಸ ಮಾಡಿತು ಎನ್ನುತ್ತೇವೆ. ಗುರುತ್ವ ಬಲವೊಂದೇ ಕೆಲಸ ಮಾಡುತ್ತಿರುವ ತನಕ ಈ ಮೊತ್ತ ಬದಲಾಗುವುದಿಲ್ಲ. ಸ್ಪ್ರಿಂಗು ಇದ್ದರೆ ಅದರಲ್ಲಿ ಕೂಡಿಟ್ಟ ಶಕ್ತಿಯನ್ನೂ ಈ ಮೊತ್ತಕ್ಕೇ ಸೇರಿಸಿಕೊಳ್ಳಬೇಕು.

ಮೊದಲು ಎರಡು ಕ್ಷಣಗಳನ್ನು ಆರಿಸಿಕೊಳ್ಳಿ. ಒಂದು ಕ್ಷಣದಲ್ಲಿ ನಿಮಗೆ ಎಲ್ಲವೂ ತಿಳಿದಿರಬೇಕು, ಇನ್ನೊಂದರಲ್ಲಿ ನಿಮಗೆ ಬೇಕಾದ ಉತ್ತರ ಇರಬೇಕು. ಜೋಕಾಲಿಗೆ ಮೇಲಿನ ತುದಿಯ ಕ್ಷಣ ಮೊದಲನೆಯದು, ತಳದ ಕ್ಷಣ ಎರಡನೆಯದು. ನಡುವೆ ನಡೆದದ್ದು ಬೇಡ.

ಎರಡನೆಯದಾಗಿ ಎತ್ತರವನ್ನು ಎಲ್ಲಿಂದ ಅಳೆಯುತ್ತೀರಿ ಎಂದು ಗೊತ್ತುಮಾಡಿ, ಕೊನೆಯವರೆಗೂ ಅದನ್ನೇ ಹಿಡಿಯಿರಿ. ಅಂಗಳದ ನೆಲ, ಬಾವಿಯ ಕಟ್ಟೆ, ಮೇಜಿನ ಮೇಲ್ಮೈ ಯಾವುದಾದರೂ ನಡೆಯುತ್ತದೆ, ಏಕೆಂದರೆ ಉತ್ತರದಲ್ಲಿ ಉಳಿಯುವುದು ಎರಡು ಎತ್ತರಗಳ ವ್ಯತ್ಯಾಸ ಮಾತ್ರ. ಬಾವಿಯ ಕಟ್ಟೆಯನ್ನು ಸೊನ್ನೆ ಎಂದಿಟ್ಟರೆ 12 ಮೀಟರ್ ಕೆಳಗಿನ ನೀರಿನ ಎತ್ತರವನ್ನು ಋಣ 12 ಎಂದು ಬರೆಯಬೇಕಾಗುತ್ತದೆ. ಮಕ್ಕಳು ಹಾಗೆ ಬರೆಯಲು ಹಿಂಜರಿಯುತ್ತಾರೆ, ಹಿಂಜರಿಯುವ ಕಾರಣವಿಲ್ಲ.

ಮೂರನೆಯ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ನನ್ನ ಅನುಭವದಲ್ಲಿ ತಪ್ಪುಗಳೆಲ್ಲ ಹುಟ್ಟುವುದು ಅಲ್ಲಿಯೇ. ವಸ್ತುವಿನ ಮೇಲೆ ಯಾವ ಯಾವ ಬಲಗಳಿವೆ ಎಂದು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ‘ಇದು ಕೆಲಸ ಮಾಡುತ್ತಿದೆಯೇ’ ಎಂದು ಕೇಳಬೇಕು. ಚಲನೆಯ ದಿಕ್ಕಿಗೆ ಸದಾ ಲಂಬವಾಗಿರುವ ಬಲ ಎಷ್ಟೇ ದೊಡ್ಡದಾದರೂ ಕೆಲಸ ಮಾಡುವುದಿಲ್ಲ. ಜೋಕಾಲಿಯ ಹಗ್ಗ ಕುಳಿತವರನ್ನು ಕೊಂಬೆಯ ಕಡೆಗೆ ಎಳೆಯುತ್ತದೆ, ಆದರೆ ಕುಳಿತವರು ಸಾಗುವುದು ಅದಕ್ಕೆ ಅಡ್ಡಲಾಗಿ. ಆದ್ದರಿಂದ ಹಗ್ಗದ ಎಳೆತ ಅವರಿಗೆ ಶಕ್ತಿಯನ್ನು ಕೊಡುವುದೂ ಇಲ್ಲ, ಅವರಿಂದ ಕಸಿಯುವುದೂ ಇಲ್ಲ. ಗಾಳಿಯ ತಡೆ ಹಾಗಲ್ಲ, ಅದು ಯಾವಾಗಲೂ ಚಲನೆಗೆ ಎದುರಾಗಿಯೇ ಇರುತ್ತದೆ, ಯಾವಾಗಲೂ ಕಸಿಯುತ್ತದೆ. ಈ ಪಟ್ಟಿ ಮುಗಿದ ಮೇಲೆಯೇ ಎರಡು ಕ್ಷಣಗಳ ಮೊತ್ತವನ್ನು ಸಮವೆಂದು ಬರೆಯುವ ಹಕ್ಕು ನಮಗೆ ಬರುತ್ತದೆ.

ಜೋಕಾಲಿಯ ಲೆಕ್ಕ, ಹಗ್ಗದ ಲೆಕ್ಕ

ತುದಿಯಲ್ಲಿ ನಿಂತ ಜೋಕಾಲಿಯ ಎತ್ತರವನ್ನು ನೇರವಾಗಿ ಅಳೆಯುವುದು ಕಷ್ಟ. ಅದಕ್ಕೊಂದು ಸುಲಭ ದಾರಿಯಿದೆ. ಜೋಕಾಲಿಯು ತಳದ ಬಿಂದುವಿನಿಂದ ಅಡ್ಡಲಾಗಿ ಎಷ್ಟು ದೂರ ಹೋಯಿತು ಎಂಬುದನ್ನು ನೆಲದ ಮೇಲೆ ಸುಣ್ಣದ ಗೆರೆ ಎಳೆದು ಗುರುತಿಸಿ. ಹಗ್ಗದ ಉದ್ದದ ವರ್ಗದಿಂದ ಈ ದೂರದ ವರ್ಗವನ್ನು ಕಳೆದು ವರ್ಗಮೂಲ ತೆಗೆಯಿರಿ. ಬಂದದ್ದನ್ನು ಹಗ್ಗದ ಉದ್ದದಿಂದ ಕಳೆದರೆ ಎತ್ತರ ಸಿಗುತ್ತದೆ. ಇಲ್ಲಿ ಹಗ್ಗದ ಉದ್ದವೆಂದರೆ ಕೊಂಬೆಯಿಂದ ಮಣೆಯವರೆಗಿನ ಉದ್ದವಲ್ಲ, ಕೊಂಬೆಯಿಂದ ಕುಳಿತವರ ಹೊಟ್ಟೆಯ ಮಟ್ಟದವರೆಗಿನ ಉದ್ದ, ಏಕೆಂದರೆ ದೇಹದ ದ್ರವ್ಯರಾಶಿಯ ಕೇಂದ್ರ ಹೆಚ್ಚುಕಡಿಮೆ ಅಲ್ಲಿರುತ್ತದೆ.

ಉದ್ದ 5 ಮೀಟರ್, ಅಡ್ಡ ದೂರ 3 ಮೀಟರ್ ಎಂದುಕೊಳ್ಳಿ. 25ರಿಂದ 9 ಕಳೆದರೆ 16, ಅದರ ವರ್ಗಮೂಲ 4. ಎತ್ತರ 1 ಮೀಟರ್. ತಳದಲ್ಲಿ ಜವ ಸೆಕೆಂಡಿಗೆ 4.43 ಮೀಟರ್, ಅಂದರೆ ಗಂಟೆಗೆ ಸುಮಾರು 16 ಕಿಲೋಮೀಟರ್. ಜೋಕಾಲಿಯ ಎದುರಿಗೆ ಚಿಕ್ಕ ಮಕ್ಕಳು ಓಡಾಡಬಾರದು ಎಂದು ಹಿರಿಯರು ಗದರಿಸುವುದು ಏಕೆಂದು ಈ ಅಂಕಿಯನ್ನು ನೋಡಿದರೆ ತಿಳಿಯುತ್ತದೆ.

ಇದೇ ಲೆಕ್ಕದಿಂದ ಹಗ್ಗ ಎಷ್ಟು ಭಾರ ತಾಳಬೇಕು ಎಂದೂ ಹೇಳಬಹುದು, ಮತ್ತು ಪಂಚಮಿಯ ದಿನ ನಿಜವಾಗಿ ಉಪಯೋಗಕ್ಕೆ ಬರುವ ಲೆಕ್ಕ ಇದೇ. ತಳದಲ್ಲಿ ಹಗ್ಗವು ಕುಳಿತವರ ಭಾರವನ್ನು ಹೊರುವುದಲ್ಲದೆ ಅವರನ್ನು ವೃತ್ತದ ದಾರಿಯಲ್ಲಿ ತಿರುಗಿಸುತ್ತಲೂ ಇರಬೇಕು. ಏರಿದ ಎತ್ತರವನ್ನು ಹಗ್ಗದ ಉದ್ದದಿಂದ ಭಾಗಿಸಿ, ಎರಡರಿಂದ ಗುಣಿಸಿ, ಒಂದನ್ನು ಕೂಡಿಸಿದರೆ ಭಾರದ ಎಷ್ಟು ಪಟ್ಟು ಎಳೆತ ಬೀಳುತ್ತದೆ ಎಂಬುದು ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು 1.4 ಪಟ್ಟು. ಎದುರುಬದುರಾಗಿ ನಿಂತ ಇಬ್ಬರೂ ಮಣೆಯೂ ಸೇರಿ 100 ಕಿಲೋ ಇದ್ದರೆ ಹಗ್ಗಗಳ ಮೇಲೆ ಬೀಳುವುದು 140 ಕಿಲೋ ಭಾರದಷ್ಟು ಎಳೆತ. ಹುರುಪಿನಲ್ಲಿ ಹಗ್ಗ ನೆಲಕ್ಕೆ ಸಮಾಂತರವಾಗುವಷ್ಟು ಮೇಲೇರಿದರೆ ಅದು ಮೂರು ಪಟ್ಟಾಗಿ 300 ಕಿಲೋ ಮುಟ್ಟುತ್ತದೆ. ಆದ್ದರಿಂದ ‘ಇಬ್ಬರು ಜೋತುಬಿದ್ದು ನೋಡಿದೆವು, ಹಗ್ಗ ಗಟ್ಟಿಯಿದೆ’ ಎಂಬ ಪರೀಕ್ಷೆಯನ್ನು ನಂಬಬೇಡಿ. ಆರು ಜನ ಜೋತುಬಿದ್ದರೂ ತಾಳುವ ಹಗ್ಗವನ್ನೂ ಅಂಥದೇ ಕೊಂಬೆಯನ್ನೂ ಆರಿಸಿ. ಗಂಟು ಹಾಕಿದ ಕಡೆ ಹಗ್ಗದ ತಾಳಿಕೆ ಸಾಕಷ್ಟು ಕುಗ್ಗುತ್ತದೆ ಎಂಬುದನ್ನೂ ನೆನಪಿನಲ್ಲಿಡಬೇಕು.

ಯಾರೂ ದೂಡದಿದ್ದರೂ ಜೋಕಾಲಿ ಮೇಲಮೇಲಕ್ಕೆ ಏರುವುದುಂಟಲ್ಲ, ಆಗ ನಿಯಮ ಸುಳ್ಳಾಯಿತೇ ಎಂದು ಮಕ್ಕಳು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಉತ್ತರ ‘ಜೀಕುವುದು’ ಎಂಬ ನಮ್ಮ ಮಾತಿನಲ್ಲಿಯೇ ಇದೆ. ನಿಂತು ಜೀಕುವವರು ತುದಿಯಲ್ಲಿ ಮೊಣಕಾಲು ಬಗ್ಗಿಸಿ, ತಳವನ್ನು ದಾಟುವಾಗ ಎದ್ದು ನಿಲ್ಲುತ್ತಾರೆ. ತಳದಲ್ಲಿ ದೇಹ ತನ್ನ ಭಾರಕ್ಕಿಂತ ಹೆಚ್ಚಿನ ಎಳೆತಕ್ಕೆ ಎದುರಾಗಿ ಮೇಲೇಳಬೇಕಾಗುತ್ತದೆ, ತುದಿಯಲ್ಲಿ ಕುಗ್ಗುವಾಗ ಅಷ್ಟು ಎಳೆತ ಇರುವುದಿಲ್ಲ. ಆ ವ್ಯತ್ಯಾಸದಷ್ಟು ಕೆಲಸವನ್ನು ಕಾಲಿನ ಸ್ನಾಯುಗಳು ಪ್ರತಿ ಸಲವೂ ಜೋಕಾಲಿಗೆ ಸೇರಿಸುತ್ತವೆ. ಮುಂಜಾನೆ ಉಂಡ ಜೋಳದ ರೊಟ್ಟಿಯ ಶಕ್ತಿ ಜೋಕಾಲಿಗೆ ಇಳಿಯುವ ದಾರಿ ಅದು. ಹಾಗಾಗಿ ಅಳತೆ ಮಾಡುವಾಗ ಮಣೆಯ ಮೇಲೆ ಕುಳಿತವರು ಜೀಕಬಾರದು, ಅಲುಗಾಡಬಾರದು. ಅದು ಸಾಧ್ಯವಾಗದಿದ್ದರೆ ಮರಳಿನ ಚೀಲವನ್ನು ಕಟ್ಟುವುದು ಒಳ್ಳೆಯದು.

ಮೊಳೆಗೆ ತಾಗಿದ ದಾರ

ಎತ್ತರವೊಂದೇ ಮುಖ್ಯ, ದಾರಿಯಲ್ಲ ಎಂಬ ಮಾತನ್ನು ಕಣ್ಣಿಗೆ ಕಾಣಿಸುವ ಪ್ರಯೋಗವನ್ನು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಕೃತಿಯಲ್ಲಿ ವಿವರಿಸಿದ್ದಾನೆ. ಗೋಡೆಗೆ ಒಂದು ಮೊಳೆ ಹೊಡೆದು ಒಂದು ಮೀಟರ್ ದಾರದಿಂದ ಕಬ್ಬಿಣದ ನಟ್ಟನ್ನು ತೂಗುಬಿಡಿ. ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ಒಂದು ಅಡ್ಡಗೆರೆ ಎಳೆದು, ಆ ಗೆರೆಯ ಮಟ್ಟಕ್ಕೆ ನಟ್ಟನ್ನು ಎಳೆದು ಬಿಟ್ಟರೆ ಇನ್ನೊಂದು ಬದಿಯಲ್ಲಿಯೂ ಅದು ಹೆಚ್ಚುಕಡಿಮೆ ಅದೇ ಗೆರೆಗೆ ಏರುತ್ತದೆ. ಈಗ ಮೊದಲ ಮೊಳೆಯ ನೇರ ಕೆಳಗೆ, ಗೆರೆಗಿಂತ ಮೇಲೆ, ಇನ್ನೊಂದು ಮೊಳೆ ಹೊಡೆಯಿರಿ. ದಾರ ಅದಕ್ಕೆ ತಾಗಿ ಮಡಚಿ ನಟ್ಟು ಚಿಕ್ಕ ವೃತ್ತದಲ್ಲಿ ಏರಬೇಕಾದರೂ ಅದು ನಿಲ್ಲುವುದು ಅದೇ ಗೆರೆಯಲ್ಲಿ.

ಗೋಲಿ ಮತ್ತು ಕಾಣೆಯಾದ 12 ಸೆಂಟಿಮೀಟರ್

ಹಲವು ವರ್ಷಗಳ ಹಿಂದೆ ಗದಗ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಇಳಿಜಾರಿನಿಂದ ಗೋಲಿಯನ್ನು ಉರುಳಿಸಿ ಅದು ಎಷ್ಟು ದೂರ ಬಿತ್ತೆಂದು ಅಳೆದು ತಂದಿದ್ದಳು. ಅಳತೆಯು ಲೆಕ್ಕಕ್ಕಿಂತ ತುಂಬ ಕಡಿಮೆಯಿತ್ತು. ನಾನು ‘ಘರ್ಷಣೆಯಿಂದಾದ ನಷ್ಟ, ಇಳಿಜಾರು ನುಣುಪಾಗಿಲ್ಲ’ ಎಂದು ಬರೆದು ಅಂಕ ಕಡಿಮೆ ಮಾಡಿದೆ. ಅವಳ ಅಳತೆ ಸರಿಯಾಗಿತ್ತು, ನನ್ನ ಲೆಕ್ಕ ಅಪೂರ್ಣವಾಗಿತ್ತು. ಅದನ್ನು ನಾನು ಅರಿತದ್ದು ಆ ಮಗು ಶಾಲೆ ಬಿಟ್ಟ ಮೇಲೆ. ಆ ಕಾರಣಕ್ಕಾಗಿಯೇ ಈ ಪ್ರಯೋಗವನ್ನು ಉಳಿದವಕ್ಕಿಂತ ವಿವರವಾಗಿ ಬರೆಯುತ್ತಿದ್ದೇನೆ.

ಒಂದು ಮೀಟರಿನಷ್ಟು ಉದ್ದದ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿಸಿಕೊಳ್ಳಿ. ಗಾಜಿನ ಗೋಲಿ ಅಥವಾ ಬೇರಿಂಗಿನ ಉಕ್ಕಿನ ಗುಂಡು ಬೇಕು. ಹುಬ್ಬಳ್ಳಿಯವರು ಗೋಕುಲ ರಸ್ತೆಯ ಕಡೆಯ ಗ್ಯಾರೇಜುಗಳಲ್ಲಿ ಕೇಳಿದರೆ ಹಳೆಯ ಬೇರಿಂಗು ಸಿಗುವುದು ಕಷ್ಟವಲ್ಲ. ಸೀಳಿದ ಪೈಪಿನ ಕೊನೆಯ ಒಂದು ಗೇಣು ಮೇಜಿನ ಮೇಲೆ ಮಟ್ಟವಾಗಿ ಮಲಗಿ ಅದರ ತುದಿ ಮೇಜಿನ ಅಂಚಿಗೆ ಸರಿಯಾಗಿ ಬರುವಂತೆ ಇಟ್ಟು, ಉಳಿದ ಭಾಗದ ಕೆಳಗೆ ಪುಸ್ತಕಗಳನ್ನು ಜೋಡಿಸಿ ಮೆಲ್ಲನೆ ಬಾಗಿಸಿ. ಬಾಗಿನಲ್ಲಿ ಮೂಲೆ ಇರಬಾರದು, ಮೂಲೆಯಿದ್ದರೆ ಗುಂಡು ಅಲ್ಲಿ ಬಡಿದು ಶಕ್ತಿ ಕಳೆದುಕೊಳ್ಳುತ್ತದೆ. ಅಂಚಿನಿಂದ ತೂಗುಗುಂಡನ್ನು ಇಳಿಬಿಟ್ಟು ಅದರ ನೇರ ಕೆಳಗೆ ನೆಲದ ಮೇಲೆ ಗುರುತು ಹಾಕಿ. ಗುಂಡು ಬೀಳಬಹುದಾದ ಕಡೆ ಬಿಳಿ ಹಾಳೆ ಹಾಸಿ, ಅದರ ಮೇಲೆ ಕಾರ್ಬನ್ ಹಾಳೆಯನ್ನು ಇಡಿ. ಗುಂಡು ಬಿದ್ದ ಕಡೆ ಕರಿ ಚುಕ್ಕೆ ಮೂಡುತ್ತದೆ. ಒಂದೇ ಜಾಗದಿಂದ ಹತ್ತು ಸಲ ಬಿಟ್ಟು, ಹತ್ತು ಚುಕ್ಕೆಗಳ ನಡುವಿನ ಬಿಂದುವನ್ನು ಹಿಡಿಯಿರಿ. ಗುಂಡನ್ನು ಬೆರಳಿನಿಂದ ಬಿಡುವಾಗ ತಿಳಿಯದೆಯೇ ದೂಡುವುದುಂಟು, ಅದಕ್ಕಾಗಿ ಅದನ್ನು ಒಂದು ಅಳತೆಪಟ್ಟಿಯಿಂದ ತಡೆದು ಹಿಡಿದು ಪಟ್ಟಿಯನ್ನು ಸರ್‍ರನೆ ಮೇಲೆತ್ತುವುದು ಉತ್ತಮ.

ಗುಂಡು ಇಳಿದ ಎತ್ತರ 20 ಸೆಂಟಿಮೀಟರ್, ಅಂಚಿನಿಂದ ನೆಲದವರೆಗಿನ ಎತ್ತರ 75 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಪ್ರಚ್ಛನ್ನ ಶಕ್ತಿಯೆಲ್ಲ ಮುಂದಕ್ಕೆ ಸಾಗುವ ಚಲನೆಗೇ ಹೋಗಿದ್ದರೆ ಗುಂಡು ಬೀಳಬೇಕಾದ ದೂರ, ಎರಡು ಎತ್ತರಗಳ ಗುಣಲಬ್ಧದ ವರ್ಗಮೂಲದ ಎರಡು ಪಟ್ಟು. ಅದು ಸುಮಾರು 77.5 ಸೆಂಟಿಮೀಟರ್ ಆಗುತ್ತದೆ. ಗುರುತ್ವ ವೇಗೋತ್ಕರ್ಷದ ಬೆಲೆಯೇ ಈ ಲೆಕ್ಕದಿಂದ ಬಿಟ್ಟುಹೋಗಿರುವುದನ್ನು ಗಮನಿಸಿ. ಚಂದ್ರನ ಮೇಲೆಯೂ ಅದೇ ದೂರ ಬರುತ್ತದೆ. ಆದರೆ ನೀವು ಅಳೆದಾಗ ಚುಕ್ಕೆಗಳು 65 ಸೆಂಟಿಮೀಟರಿನ ಆಸುಪಾಸಿನಲ್ಲಿ ಮೂಡುತ್ತವೆ. 12 ಸೆಂಟಿಮೀಟರ್ ಎಲ್ಲಿ ಹೋಯಿತು?

ಪೈಪಿಗೆ ಎಣ್ಣೆ ಹಚ್ಚಿ ನುಣುಪು ಮಾಡುವ ಮೊದಲು ಗುಂಡಿನ ಮೇಲೆ ಶಾಯಿಯಿಂದ ಒಂದು ಚುಕ್ಕೆ ಇಟ್ಟು ನೋಡಿ. ಗುಂಡು ಜಾರುತ್ತಿಲ್ಲ, ಉರುಳುತ್ತಿದೆ. ಸಾಗುವುದಕ್ಕೆ ಶಕ್ತಿ ಬೇಕಾದಂತೆ ತನ್ನ ಸುತ್ತ ತಾನು ತಿರುಗುವುದಕ್ಕೂ ಶಕ್ತಿ ಬೇಕು. ಗಟ್ಟಿ ಗುಂಡು ಜಾರದೆ ಉರುಳಿದಾಗ ಅದರ ಚಲನ ಶಕ್ತಿಯ ಏಳು ಪಾಲಿನಲ್ಲಿ ಐದು ಪಾಲು ಸಾಗುವುದಕ್ಕೆ, ಎರಡು ಪಾಲು ತಿರುಗುವುದಕ್ಕೆ ಹಂಚಿಕೆಯಾಗುತ್ತದೆ. ಗುಂಡು ಚಿಕ್ಕದಿರಲಿ ದೊಡ್ಡದಿರಲಿ, ಗಾಜಿನದಿರಲಿ ಉಕ್ಕಿನದಿರಲಿ, ಈ ಹಂಚಿಕೆ ಒಂದೇ. ಏಳರಲ್ಲಿ ಐದು ಪಾಲಿನ ವರ್ಗಮೂಲ 0.845, ಅದರಿಂದ 77.5ನ್ನು ಗುಣಿಸಿದರೆ 65.5 ಬರುತ್ತದೆ. ಕಾಣೆಯಾದದ್ದು ನಷ್ಟವಾಗಿರಲಿಲ್ಲ, ನಮ್ಮ ಪಟ್ಟಿಯಲ್ಲಿ ಅದಕ್ಕೆ ಸಾಲು ಇರಲಿಲ್ಲ, ಅಷ್ಟೆ.

ಇಲ್ಲಿ ಘರ್ಷಣೆಯ ಪಾತ್ರವನ್ನು ಸರಿಯಾಗಿ ತಿಳಿಯಬೇಕು. ಗುಂಡನ್ನು ತಿರುಗಿಸುವುದು ಘರ್ಷಣೆಯೇ. ಆದರೂ ಉರುಳುವ ಗುಂಡಿನ ನೆಲಕ್ಕೆ ತಾಗಿದ ಬಿಂದು ಆ ಕ್ಷಣಕ್ಕೆ ನಿಂತಿರುವುದರಿಂದ ಘರ್ಷಣೆಯು ಶಕ್ತಿಯನ್ನು ಶಾಖವಾಗಿ ಕಸಿಯುವುದಿಲ್ಲ, ಸಾಗುವ ಖಾತೆಯಿಂದ ತಿರುಗುವ ಖಾತೆಗೆ ದಾಟಿಸುತ್ತದೆ. ಇಳಿಜಾರು ತೀರ ಕಡಿದಾಗಿದ್ದರೆ ಗುಂಡು ಉರುಳುವ ಬದಲು ಜಾರತೊಡಗುತ್ತದೆ, ಆಗ ಲೆಕ್ಕ ಕೆಡುತ್ತದೆ. ಪೈಪಿನ ಬದಲು ಎರಡು ಅಂಚುಗಳ ಮೇಲೆ ಗುಂಡು ಕೂಡುವಂಥ ಕಿರಿದಾದ ಅಲ್ಯೂಮಿನಿಯಂ ಪಟ್ಟಿಯನ್ನು ಬಳಸಿದರೆ ತಿರುಗುವ ಪಾಲು ಇನ್ನೂ ಹೆಚ್ಚಿ ದೂರ ಇನ್ನೂ ಕಡಿಮೆಯಾಗುತ್ತದೆ. ನಿಮ್ಮ ಅಳತೆ 65.5ಕ್ಕಿಂತಲೂ ಒಂದೆರಡು ಸೆಂಟಿಮೀಟರ್ ಕೆಳಗೆ ಬಂದರೆ, ಆ ಒಂದೆರಡು ಸೆಂಟಿಮೀಟರಿಗೆ ಮಾತ್ರ ನಷ್ಟ ಎಂಬ ಹೆಸರು ಸಲ್ಲುತ್ತದೆ.

ಎರೆಮಣ್ಣಿನ ಸಾಕ್ಷಿ

ಚಲನ ಶಕ್ತಿಯಲ್ಲಿ ಜವದ ವರ್ಗ ಏಕೆ, ಬರಿಯ ಜವ ಏಕಲ್ಲ? ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಯುರೋಪಿನ ವಿದ್ವಾಂಸರು ಇದರ ಬಗ್ಗೆ ಬಲವಾಗಿ ವಾದಿಸಿದರು. ನೆದರ್ಲೆಂಡ್ಸಿನ ಗ್ರಾವೆಸಾಂಡೆ ಲೋಹದ ಗುಂಡುಗಳನ್ನು ಬೇರೆ ಬೇರೆ ಎತ್ತರದಿಂದ ಮೆತ್ತನೆಯ ಜೇಡಿಯ ಮೇಲೆ ಬೀಳಿಸಿ ಮೂಡಿದ ಕುಳಿಗಳನ್ನು ಅಳೆದನು. ಫ್ರಾನ್ಸಿನ ಎಮಿಲಿ ದು ಶಾತಲೆ 1740ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಜವದ ವರ್ಗದ ಪರವಾಗಿ ವಾದಿಸಿದಳು.

ಜೇಡಿಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಹದಕ್ಕೆ ಎರೆಮಣ್ಣನ್ನು ಕಲಸಿ, ಪರಾತದಲ್ಲಿ ನಾಲ್ಕು ಬೆರಳು ದಪ್ಪಕ್ಕೆ ತಟ್ಟಿ ಮೇಲ್ಮೈಯನ್ನು ಸವರಿ. ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಚೆಂಡುಗಳಲ್ಲಿ ಮರಳು ತುಂಬಿ ಒಂದನ್ನು 100 ಗ್ರಾಂ, ಇನ್ನೊಂದನ್ನು 200 ಗ್ರಾಂ ಮಾಡಿ. ಮರಳು ಒಳಗೆ ಅಲುಗಾಡಿದರೆ ಅಲ್ಲಿಯೂ ಶಕ್ತಿ ಸೋರುತ್ತದೆ, ಆದ್ದರಿಂದ ಖಾಲಿ ಜಾಗಕ್ಕೆ ಹತ್ತಿಯನ್ನು ಒತ್ತಿ ತುಂಬಬೇಕು. ಹಗುರವಾದುದನ್ನು 1 ಮೀಟರಿನಿಂದ, ಭಾರವಾದುದನ್ನು ಅರ್ಧ ಮೀಟರಿನಿಂದ ಬೀಳಿಸಿ ಕುಳಿಗಳ ಅಗಲವನ್ನು ಅಳೆಯಿರಿ. ಎರಡಕ್ಕೂ ಶಕ್ತಿ 0.98 ಜೂಲ್, ಕುಳಿಗಳೂ ಹೆಚ್ಚುಕಡಿಮೆ ಒಂದೇ ಅಳತೆಯವು. ದ್ರವ್ಯರಾಶಿಯನ್ನು ಬರಿಯ ಜವದಿಂದ ಗುಣಿಸಿದ್ದರೆ ಭಾರದ ಚೆಂಡಿನ ಬೆಲೆ ಹಗುರದ್ದಕ್ಕಿಂತ ಶೇಕಡಾ 40ರಷ್ಟು ಹೆಚ್ಚಾಗಬೇಕಿತ್ತು. ಮಣ್ಣು ಆ ಹೆಚ್ಚಳವನ್ನು ತೋರಿಸುವುದಿಲ್ಲ.

ಈ ವರ್ಗದ ಮಾತು ರಸ್ತೆಯಲ್ಲಿ ಜೀವದ ಪ್ರಶ್ನೆಯಾಗುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬೈಕಿನಲ್ಲಿ ಗಂಟೆಗೆ 40 ಕಿಲೋಮೀಟರ್ ಜವದಲ್ಲಿ ಹೊರಟವರ ಚಲನ ಶಕ್ತಿ ಸುಮಾರು 6.3 ಮೀಟರ್ ಎತ್ತರದಿಂದ ಬಿದ್ದಷ್ಟು. 60ಕ್ಕೆ ಏರಿದರೆ ಅದು 14.2 ಮೀಟರ್, 80ರಲ್ಲಿ 25 ಮೀಟರಿಗೂ ಹೆಚ್ಚು. ಜವ ಎರಡರಷ್ಟಾದಾಗ ಎತ್ತರ ನಾಲ್ಕರಷ್ಟಾಯಿತು, ಬ್ರೇಕು ಶಾಖವಾಗಿ ಹೊರಹಾಕಬೇಕಾದ ಶಕ್ತಿಯೂ ಅಷ್ಟೇ ಪಟ್ಟು.

ಎಲ್ಲಿ ಹಚ್ಚಬಾರದು

ಡಿಕ್ಕಿ, ಬಡಿತ, ಅಂಟುವಿಕೆ ನಡೆದ ಕಡೆ ಎರಡು ಕ್ಷಣಗಳ ನಡುವೆ ಸಮ ಚಿಹ್ನೆ ಹಾಕಬಾರದು. ಹೊಸ ಟೆನ್ನಿಸ್ ಚೆಂಡನ್ನು 1 ಮೀಟರಿನಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು 55 ಸೆಂಟಿಮೀಟರಿನಷ್ಟು ಮಾತ್ರ ಪುಟಿಯುತ್ತದೆ. ಬೀಳುವಾಗ ಒಂದು ಲೆಕ್ಕ, ಏರುವಾಗ ಇನ್ನೊಂದು ಲೆಕ್ಕ ಮಾಡಿ. ನಡುವಿನ ಬಡಿತದಲ್ಲಿ ಶೇಕಡಾ 45ರಷ್ಟು ಹೋಯಿತೆಂದು ಬರೆದಿಡಿ.

ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯಬೇಕೇ ಬೇಡವೇ ಎಂಬುದಕ್ಕೆ ಮಳೆಹನಿಗಿಂತ ಒಳ್ಳೆಯ ಪಾಠವಿಲ್ಲ. 1 ಕಿಲೋಮೀಟರ್ ಎತ್ತರದ ಮೋಡದಿಂದ ಬೀಳುವ ಹನಿ ನಮ್ಮ ನಿಯಮದ ಪ್ರಕಾರ ನೆಲವನ್ನು ಸೆಕೆಂಡಿಗೆ 140 ಮೀಟರ್ ಜವದಲ್ಲಿ ತಾಗಬೇಕು. ನಿಜದಲ್ಲಿ ದೊಡ್ಡ ಹನಿಯೂ ಸುಮಾರು 9 ಮೀಟರ್ ಜವದಲ್ಲಷ್ಟೇ ಬೀಳುತ್ತದೆ. ಶಕ್ತಿಯ ಶೇಕಡಾ 99ಕ್ಕೂ ಹೆಚ್ಚಿನ ಪಾಲನ್ನು ಗಾಳಿ ತೆಗೆದುಕೊಂಡಿದೆ, ಇಲ್ಲದಿದ್ದರೆ ಮುಂಗಾರಿನಲ್ಲಿ ಹೊಲದಲ್ಲಿ ಒಂದು ಎಲೆಯೂ ಉಳಿಯುತ್ತಿರಲಿಲ್ಲ. ಚಿಕ್ಕದು, ಹಗುರವಾದುದು, ಬಹಳ ದೂರ ಬೀಳುವಂಥದು ಇದ್ದರೆ ಈ ನಿಯಮವನ್ನು ಬದಿಗಿಡಬೇಕು. ಭಾರವಾದುದು, ಒಂದೆರಡು ಮೀಟರ್ ಬೀಳುವಂಥದು ಇದ್ದರೆ ನಂಬಬಹುದು.

ಹೋದ ಶಕ್ತಿ ಶಾಖವಾಗುತ್ತದೆ ಎಂಬುದನ್ನು 1840ರ ದಶಕದಲ್ಲಿ ಜೇಮ್ಸ್ ಜೂಲ್ ನೀರಿನಲ್ಲಿ ಹುಟ್ಟುಗಳನ್ನು ತಿರುಗಿಸಿ ಅಳೆದು ತೋರಿಸಿದನು. ಆ ಶಾಖ ನಮ್ಮ ಕೈಗೆ ತಿಳಿಯದಿರಲು ಕಾರಣವಿದೆ. ನೀರು 427 ಮೀಟರ್ ಬಿದ್ದು ಅದರ ಶಕ್ತಿಯೆಲ್ಲ ಶಾಖವಾಗಿ ನೀರಿನಲ್ಲೇ ಉಳಿದರೂ ಬಿಸಿಯೇರುವುದು ಒಂದೇ ಡಿಗ್ರಿ ಸೆಲ್ಸಿಯಸ್. ಸುಮಾರು 253 ಮೀಟರ್ ಎತ್ತರದ ಜೋಗದ ಲೆಕ್ಕದಲ್ಲಿ ಅದು 0.6 ಡಿಗ್ರಿ.

ಸೋರಿಕೆಯನ್ನು ಅಳೆಯುವುದು

ಕೊನೆಗೆ ಜೋಕಾಲಿಗೇ ಮರಳಿ ಸೋರಿಕೆಯನ್ನು ಅಳೆಯಿರಿ. 30 ಕಿಲೋ ಮರಳಿನ ಚೀಲವನ್ನು ಮಣೆಗೆ ಬಿಗಿದು, ಮಣೆಯನ್ನು 3 ಮೀಟರ್ ಅಡ್ಡಕ್ಕೆ ಎಳೆದು ಬಿಟ್ಟು ಹತ್ತು ತೂಗು ಎಣಿಸಿ. ಹಗ್ಗ 5 ಮೀಟರ್ ಇದ್ದರೆ ಹೋಗಿ ಬರುವ ಒಂದು ತೂಗಿಗೆ ಸುಮಾರು 4.5 ಸೆಕೆಂಡು ಹಿಡಿಯುತ್ತದೆ, ಹತ್ತಕ್ಕೆ ಮುಕ್ಕಾಲು ನಿಮಿಷ. ಹತ್ತನೆಯ ತೂಗಿನ ಕೊನೆಗೆ ಮಣೆ 2.4 ಮೀಟರಿನ ಗೆರೆಯನ್ನು ಮುಟ್ಟಿತು ಎಂದುಕೊಳ್ಳೋಣ. ಆಗ ಅದರ ಎತ್ತರ 1 ಮೀಟರಿನಿಂದ 0.61 ಮೀಟರಿಗೆ ಇಳಿದಿದೆ. ಹೋದ ಶಕ್ತಿ ಸುಮಾರು 115 ಜೂಲ್, ತೂಗಿಗೆ ಹನ್ನೊಂದೂವರೆ ಜೂಲ್. ಇದರಲ್ಲಿ ಒಂದಷ್ಟು ಗಾಳಿಗೆ, ಒಂದಷ್ಟು ಕೊಂಬೆಯ ಅಲುಗಾಟಕ್ಕೆ, ಉಳಿದದ್ದು ಹಗ್ಗವು ತೊಗಟೆಗೆ ಉಜ್ಜುವುದಕ್ಕೆ ಹೋಗಿದೆ. ಉಜ್ಜುವ ಪಾಲು ಎಷ್ಟೆಂದು ಬಿಡಿಸಿ ನೋಡಬೇಕೆನಿಸಿದರೆ, ಹಗ್ಗ ಸುತ್ತಿದ ಜಾಗದಲ್ಲಿ ಕೊಂಬೆಗೆ ಒಂದು ಕಬ್ಬಿಣದ ಬಳೆಯನ್ನು ಭದ್ರವಾಗಿ ಕಟ್ಟಿ, ಹಗ್ಗವನ್ನು ಆ ಬಳೆಗೆ ಬಿಗಿದು, ಅದೇ ಚೀಲವನ್ನು ಅದೇ ಗೆರೆಯಿಂದ ಮತ್ತೊಮ್ಮೆ ಬಿಟ್ಟು, ಹತ್ತನೆಯ ತೂಗಿಗೆ ಮಣೆ ಯಾವ ಗೆರೆಯವರೆಗೆ ಬರುತ್ತದೆ ಎಂದು ಗುರುತಿಸಿ.